ಸ್ನೋ ಬ್ಲೋವರ್‌ಗೆ ಹಚ್ಚಿದ ತೆಂಗಿನೆಣ್ಣೆ

2025ರ ಜನವರಿ. ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ನಾವಿರುವ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಭಾನುವಾರ ಶುರುವಾದ ಹಿಮ ಸೋಮವಾರ ಸಂಜೆಯವರೆಗೂ ಬಿದ್ದಿತ್ತು. ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ಇಲ್ಲಿಯವರೆಗೆ ನಮ್ಮ ಯಜಮಾನರಿಗೂ ಪೂರ್ತಿ ಹೇಳಿಲ್ಲ. ಕಾರಣ ನಾಚಿಕೆ. ನಾಚಿಕೆಗೆ ಕಾರಣ ನನ್ನ ಹೊಟ್ಟೆಕಿಚ್ಚು. ಅದೂ ಯಾರ ಮೇಲೆ ಎಂದರೆ, ನನ್ನ ಹತ್ತಿರ ಒಂದು ದಿನವೂ ಒಂದು ಕೆಟ್ಟ ಮಾತಾಡದ ಎದುರು ಮನೆಯ ನಸ್ರೀನ್ ಮೇಲೆ.

ನಮ್ಮದು ಚಿಕ್ಕ ರಸ್ತೆ. ಅದರಲ್ಲಿ ಕನ್ನಡದ ಮನೆಗಳು ಮೂರು. ನಮ್ಮ ಪಕ್ಕದಲ್ಲೇ ಶಾರದಾ ಆಂಟಿ ಮತ್ತು ಮೂರ್ತಿ ಅಂಕಲ್. ಇಬ್ಬರಿಗೂ ಎಪ್ಪತ್ತು ದಾಟಿದೆ, ಮಕ್ಕಳಿಲ್ಲ. ನನ್ನ ಹಾಗೆಯೇ ಮೈಸೂರಿನವರು. 2020ರಲ್ಲಿ ನಾವು ಈ ಮನೆಗೆ ಬಂದಾಗ ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಆಂಟಿ ಮಾಸ್ಕ್ ಹಾಕಿಕೊಂಡು ಬಂದು, ಬಿಸಿಬೇಳೆಬಾತಿನ ಡಬ್ಬಿಯನ್ನು ನಮ್ಮ ಮೆಟ್ಟಿಲ ಮೇಲಿಟ್ಟು, ದೂರದಿಂದಲೇ ಕೈ ಬೀಸಿ ಹೋಗಿದ್ದರು. ಆವತ್ತೇ ಆಂಟಿ ನನ್ನವರು ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಹಬ್ಬಕ್ಕೆ ಮೊದಲ ಹೋಳಿಗೆ ಅವರ ಮನೆಗೆ ಹೋಗುತ್ತಿತ್ತು. ಅಂಕಲ್‌ಗೆ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾದಾಗ, ಉಪ್ಪು ಕಮ್ಮಿ ಹಾಕಿ ಬೇರೆಯಾಗಿ ಸಾರು ಮಾಡಿ ಕೊಡುತ್ತಿದ್ದವಳೂ ನಾನೇ.

ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಎದುರು ಮನೆಗೆ ನಸ್ರೀನ್ ಬಂದರು. ಬೆಂಗಳೂರಿನ ಜಯನಗರದವರು. ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಗುಮುಖ, ಮೆತ್ತಗಿನ ಮಾತು, ಜೊತೆಗೆ ಎಲ್ಲ ಕೆಲಸವೂ ಬರುತ್ತಿತ್ತು. ಆಂಟಿ ಮನೆಯ ಗ್ಯಾರೇಜ್ ಬಾಗಿಲು ಕೆಟ್ಟರೆ ನಸ್ರೀನ್, ಇಂಟರ್ನೆಟ್ ಹೋದರೆ ನಸ್ರೀನ್, ಇನ್ಶೂರೆನ್ಸ್‌ನವರ ಜೊತೆ ಫೋನಿನಲ್ಲಿ ಜಗಳವಾಡಬೇಕೆಂದರೂ ನಸ್ರೀನ್. ಒಂದು ದಿನ ನಾನು ಸಾರಿನ ಪಾತ್ರೆ ಹಿಡಿದು ಒಳಗೆ ಹೋಗುತ್ತಿದ್ದೇನೆ, ಆಂಟಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ, "ನಮ್ ನಸ್ರೀನ್ ಇದಾಳಲ್ಲ, ನನ್ ಹೊಟ್ಟೇಲಿ ಹುಟ್ಟಿದ್ರೂ ಇಷ್ಟ್ ಮಾಡ್ತಿರ್ಲಿಲ್ಲ."

ಸಾರನ್ನು ಒಲೆಯ ಮೇಲಿಟ್ಟು, ಕೆಲಸವಿದೆ ಎಂದು ಹೇಳಿ ಬಂದುಬಿಟ್ಟೆ. ಮೈಯೆಲ್ಲ ಉರಿಯುತ್ತಿತ್ತು. ಐದು ಮನೆಯ ಹೋಳಿಗೆ ತಿಂದ ನಾಲಿಗೆಗೆ ನನ್ನ ಸಾರಿನ ರುಚಿ ಎಲ್ಲಿ ನೆನಪಿರುತ್ತದೆ ಎಂದು ಮನಸ್ಸಿನಲ್ಲೇ ಬೈದೆ. ನಲವತ್ತಮೂರು ವರ್ಷದ ಹೆಂಗಸು ಹೀಗೆ ಯೋಚಿಸಬಹುದೇ ಎಂದು ನೀವು ಕೇಳಬಹುದು. ಯೋಚಿಸಿದೆ.

ಆ ವರ್ಷವೇ ಚಳಿಗಾಲದಲ್ಲಿ ನಸ್ರೀನ್ ಒಂದು ಸ್ನೋ ಬ್ಲೋವರ್ ತಂದರು. ಹಿಮವನ್ನು ಬ್ಲೇಡಿನಿಂದ ಒಳಗೆ ಎಳೆದುಕೊಂಡು, ಮೇಲಿನ ಕೊಳವೆಯಿಂದ ದೂರಕ್ಕೆ ಎಸೆಯುವ ಮಿಷನ್ ಅದು. ನಮ್ಮ ಕಡೆ ಅಷ್ಟೊಂದು ಹಿಮ ಬೀಳುವುದಿಲ್ಲ, ಹೆಚ್ಚಿನವರು ಸಲಿಕೆಯಲ್ಲೇ ಮುಗಿಸುತ್ತಾರೆ. ನಸ್ರೀನ್ ತಮ್ಮ ಮನೆ ಮುಂದಿನದ್ದನ್ನು ಮುಗಿಸಿ, ಆಂಟಿಯ ಡ್ರೈವ್‌ವೇಗೆ, ಅಂದರೆ ಗ್ಯಾರೇಜಿನಿಂದ ರಸ್ತೆಯವರೆಗಿನ ಕಾರಿನ ದಾರಿಗೆ ಹೋಗಿ, ಇಪ್ಪತ್ತೇ ನಿಮಿಷದಲ್ಲಿ ಗುಡಿಸಿದ ಅಂಗಳದ ಹಾಗೆ ಮಾಡಿಟ್ಟರು. ನನ್ನ ಮಗಳು ಕಿಟಕಿಯಲ್ಲಿ ನಿಂತು, "ಅಮ್ಮಾ, ನಸ್ರೀನ್ ಆಂಟಿ ಈಸ್ ಸೋ ಕೂಲ್!" ಅಂದಳು. ಹೋಮ್‌ವರ್ಕ್ ಮುಗಿಯಿತಾ ಎಂದು ಅವಳ ಮೇಲೆ ರೇಗಿದೆ.

ಮುಂದಿನ ವರ್ಷ ನಮ್ಮ ಪರಿಚಯದವರೊಬ್ಬರು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ಗೆ ಮನೆ ಬದಲಾಯಿಸಿದರು. ಅಲ್ಲಿ ಹಿಮ ಅಪರೂಪ, ಇದರ ಅವಶ್ಯಕತೆ ಇಲ್ಲ ಎಂದು ತಮ್ಮ ಸ್ನೋ ಬ್ಲೋವರನ್ನು ಯಾರಿಗಾದರೂ ಕೊಡಲು ಹೊರಟಾಗ, ನನಗೇ ಬೇಕು ಎಂದು ಕೇಳಿ ತೆಗೆದುಕೊಂಡೆ. ನಮ್ಮ ಯಜಮಾನರು ಗಿರೀಶ್, "ನಿಂಗ್ಯಾಕೇ ಇದು? ನಂಗೇ ಹ್ಯಾಂಡಲ್ ಮಾಡಕ್ಕೆ ಬರಲ್ಲ," ಅಂದರು. "ನಸ್ರೀನ್ ಮಾಡ್ತಾರಲ್ಲ, ನಂಗ್ಯಾಕೆ ಬರಲ್ಲ?" ಅಂದೆ.

ಮಿಷನ್ ಬಂತು, ಆದರೆ ನಸ್ರೀನ್ ಅವರದು ನಡೆದ ಹಾಗೆ ನನ್ನದು ನಡೆಯಲಿಲ್ಲ. ಹಿಡಿಯಲ್ಲಿ ಎರಡು ಲಿವರ್. ಒಂದನ್ನು ಒತ್ತಿದರೆ ಚಕ್ರ ಮುಂದೆ ಹೋಗಬೇಕು, ಇನ್ನೊಂದನ್ನು ಒತ್ತಿದರೆ ಬ್ಲೇಡ್ ತಿರುಗಬೇಕು. ಕೈ ಬಿಟ್ಟ ತಕ್ಷಣ ಎರಡೂ ನಿಲ್ಲಬೇಕು. ಇವುಗಳಿಂದ ಕೆಳಗೆ ತೆಳ್ಳಗಿನ ಕೇಬಲ್ ಹೋಗುತ್ತದೆ, ಸೈಕಲ್ಲಿನ ಬ್ರೇಕ್ ವಯರಿನ ಹಾಗೆ. ಪಕ್ಕದಲ್ಲಿ ಕೊಳವೆ ತಿರುಗಿಸುವ ಒಂದು ಹಿಡಿ. ಮೊದಲನೇ ದಿನ ಎಲ್ಲ ಸರಿಯಾಗಿದ್ದದ್ದು ಎರಡನೇ ದಿನ ಹೆಪ್ಪುಗಟ್ಟಿ ಕೂತಿತು. ಲಿವರ್ ಅಲ್ಲಾಡಲಿಲ್ಲ, ಕೊಳವೆ ತಿರುಗಲಿಲ್ಲ.

ನಸ್ರೀನ್ ಅದು ಹೇಗೆ ಮಾಡುತ್ತಾರೆ ಎಂದು ನಾನು ಅಡುಗೆಮನೆ ಕಿಟಕಿಯಿಂದ ಕದ್ದು ನೋಡುತ್ತಿದ್ದೆ. ಕೆಲಸ ಮುಗಿದ ಮೇಲೂ ಅವರು ಇಂಜಿನ್ ಆರಿಸುತ್ತಿರಲಿಲ್ಲ. ನಾಲ್ಕೈದು ನಿಮಿಷ ಲಿವರ್ ಒತ್ತಿ ಬಿಡುತ್ತ, ಕೊಳವೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ನಿಂತಿರುತ್ತಿದ್ದರು. ಎಲ್ಲರೂ ನೋಡಲಿ ಎಂದು ಜಂಬ ಮಾಡುತ್ತಿದ್ದಾರೆ ಎಂದುಕೊಂಡೆ. ನಾನು ಮಾತ್ರ ಮುಗಿದ ತಕ್ಷಣ ಹಿಮ ಮೆತ್ತಿದ ಮಿಷನ್ನನ್ನು ಹಾಗೇ ಬೆಚ್ಚಗಿನ ಗ್ಯಾರೇಜಿಗೆ ತಳ್ಳಿ ಒಳಗೆ ಓಡುತ್ತಿದ್ದೆ. ಆ ಹಿಮ ಕರಗಿ ಕೇಬಲ್ಲಿನೊಳಗೆ ಇಳಿದು, ಮರುದಿನ ಹೊರಗೆ ತಂದ ಕೂಡಲೇ ಗಟ್ಟಿಯಾಗುತ್ತಿತ್ತು. ಇದು ನನಗೆ ಗೊತ್ತಾದದ್ದು ಆಮೇಲೆ.

2024ರ ಡಿಸೆಂಬರಿನಲ್ಲಿ ಆಂಟಿಯ ಮನೆಯಲ್ಲಿ ಸಿಕ್ಕಾಗ ನಸ್ರೀನ್ ತಾವಾಗಿಯೇ ಹೇಳಿದರು. "ಸವಿತಾ, ಕಂಟ್ರೋಲ್ಸ್‌ಗೆ ಈಗ್ಲೇ ಸ್ಪ್ರೇ ಮಾಡಿಟ್ಬಿಡಿ. ಕೋಲ್ಡ್‌ನಲ್ಲಿ ಗಟ್ಟಿ ಆಗ್ದೇ ಇರೋ ಸಿಲಿಕೋನ್ ಸ್ಪ್ರೇ ಬರತ್ತೆ. ನನ್ ಹತ್ರ ಎಕ್ಸ್‌ಟ್ರಾ ಇದೆ, ಕೊಡ್ಲಾ?"

ಆಂಟಿ ಪಕ್ಕದಲ್ಲೇ ಕೂತಿದ್ದರು. ಅವರ ಮುಂದೆ ನಸ್ರೀನ್ ಹತ್ತಿರ ಕಲಿಯುವುದೇ! "ಬೇಡ ಬಿಡಿ, ನಾನ್ ಆಗ್ಲೇ ಹಾಕಿದೀನಿ," ಎಂದು ಸುಳ್ಳು ಹೇಳಿದೆ.

ಆಮೇಲೆ ಮರೆತೂಬಿಟ್ಟೆ. ಜನವರಿಯ ಆ ಸೋಮವಾರ ಮಧ್ಯಾಹ್ನ ಆಂಟಿ ಫೋನ್ ಮಾಡಿದಾಗಲೇ ನೆನಪಾದದ್ದು. ಅವರ ದನಿ ಎಂದಿನಂತಿರಲಿಲ್ಲ. ಜ್ವರ ಬಂದು ಅಂಕಲ್ ಶನಿವಾರದ ಡಯಾಲಿಸಿಸ್‌ಗೆ ಹೋಗಿರಲಿಲ್ಲ. "ನಾಳೆದು ಮಿಸ್ ಮಾಡೋ ಹಾಗೇ ಇಲ್ಲ ಅಂದಿದಾರೆ ಕಣೇ. ಕಾಲೆಲ್ಲ ಊದ್ಕೊಂಡಿದೆ. ರಾತ್ರಿ ಮಲಗಿದ್ರೆ ಉಸಿರು ಕಟ್ಟತ್ತೆ ಅಂತಾರೆ. ಕರ್ಕೊಂಡ್ ಹೋಗೋ ವ್ಯಾನ್ ಒಂಬತ್ತೂವರೆಗೆ ಬರತ್ತೆ. ಡ್ರೈವ್‌ವೇ ಕ್ಲೀನ್ ಇಲ್ದಿದ್ರೆ ಡ್ರೈವರ್ ವೀಲ್‌ಚೇರ್ ತರಲ್ಲ, ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲೋದೂ ಇಲ್ಲ. ನಸ್ರೀನ್‌ಗೆ ಒಂದ್ ಮಾತು ಹೇಳ್ಬೇಕು..."

"ನಸ್ರೀನ್‌ಗೆ ಯಾಕೆ ಆಂಟಿ?" ಎಂದು ಮಧ್ಯದಲ್ಲೇ ಬಾಯಿ ಹಾಕಿದೆ. "ನನ್ ಹತ್ರಾನೂ ಇದೆಯಲ್ಲ. ನಾನೇ ಮಾಡ್ತೀನಿ. ನೀವು ಅವ್ರಿಗೆ ಹೇಳ್ಲೇಬೇಡಿ."

"ಆಗತ್ತಾ ಸವಿತಾ?" ಎಂದು ಆಂಟಿ ಕೇಳಿದರು. ಆ ಪ್ರಶ್ನೆಯೇ ನನಗೆ ಚುಚ್ಚಿತು. ನಸ್ರೀನ್‌ಗೆ ಹೀಗೆ ಕೇಳುತ್ತಿದ್ದರೇ? "ಯಾಕಾಗಲ್ಲ?" ಅಂದೆ.

ಗಿರೀಶ್ ಡೇಟಾ ಸೆಂಟರ್ ಕೆಲಸದವರು. ಹಿಮ ಬೀಳುತ್ತದೆ ಎಂದರೆ ಎರಡು ದಿನಕ್ಕೆ ಬಟ್ಟೆ ತೆಗೆದುಕೊಂಡು ಹೋಗಿ ಅಲ್ಲೇ ಇರುತ್ತಾರೆ. ಹಾಗಾಗಿ ಸಲಹೆ ಕೇಳಲು ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಸ್ಪ್ರೇ ಇಲ್ಲ, ಅಂಗಡಿಗೆ ಹೋಗಲು ರಸ್ತೆಯಿಲ್ಲ. ಆಗ ನನಗೆ ನಮ್ಮಮ್ಮ ನೆನಪಾದರು. ಹೊಲಿಗೆ ಮಿಷನ್ನಿಗೆ ತೆಂಗಿನೆಣ್ಣೆ, ಕಿರುಗುಟ್ಟುವ ಬಾಗಿಲಿಗೆ ತೆಂಗಿನೆಣ್ಣೆ, ತುಕ್ಕು ಹಿಡಿದ ಬೀಗಕ್ಕೂ ತೆಂಗಿನೆಣ್ಣೆ. ನಮ್ಮ ಮನೆಯಲ್ಲಿ ಅದರಿಂದ ಸರಿಹೋಗದ್ದು ಯಾವುದೂ ಇರಲಿಲ್ಲ. ಬಾಟಲಿ ತಂದೆ. ಚಳಿಗೆ ಗಡ್ಡೆ ಕಟ್ಟಿತ್ತು. ಬಾಣಲೆಯಲ್ಲಿ ನೀರು ಕಾಯಿಸಿ, ಬಾಟಲಿಯನ್ನು ಅದರಲ್ಲಿಟ್ಟು ಕರಗಿಸಿದೆ. ದೇವರಾಣೆಗೂ, ಹಾಗೆ ಕರಗಿಸುವಾಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಬಿಸಿ ಎಣ್ಣೆಯನ್ನು ಎರಡೂ ಲಿವರ್‌ಗೆ, ಕೇಬಲ್ಲಿನ ಬಾಯಿಗೆ, ಕೊಳವೆಯ ಬುಡಕ್ಕೆ ಧಾರಾಳವಾಗಿ ಸುರಿದೆ. ಒತ್ತಿ ನೋಡಿದರೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ನಸ್ರೀನ್‌ಗಿಂತ ನಾನೇನು ಕಮ್ಮಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎಲ್ಲರಿಗಿಂತ ಮೊದಲು ನಾನೇ ಆಂಟಿಯ ಮನೆ ಮುಂದೆ ಇರಬೇಕು ಎಂದು ಮಿಷನ್ನನ್ನು ಆವತ್ತೇ ಹೊರಗೆ ತಂದು, ನಮ್ಮ ಮನೆಯ ಪಕ್ಕ ನಿಲ್ಲಿಸಿ ಹೊದಿಸಿಟ್ಟೆ.

ಮಂಗಳವಾರ ಎಂಟು ಗಂಟೆಗೆ ಹೊರಗೆ ಬಂದಾಗ ಮೂಗು ಕಿತ್ತುಹೋಗುವಂಥ ಚಳಿ. ಮೊಣಕಾಲಿನ ಹತ್ತಿರ ಬರುವಷ್ಟು ಹಿಮ. ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಂಟಿಯ ಡ್ರೈವ್‌ವೇ ಗ್ಯಾರೇಜಿನಿಂದ ರಸ್ತೆಗೆ ಇಳಿಜಾರಾಗಿದೆ. ಮೇಲಿಂದ ಶುರು ಮಾಡೋಣ ಎಂದು ಕಷ್ಟಪಟ್ಟು ತಳ್ಳಿಕೊಂಡು ಹೋಗಿ, ಲಿವರ್ ಒತ್ತಿದೆ. ಅದು ಕಲ್ಲಿನ ಹಾಗಿತ್ತು. ಕೊಳವೆಯ ಹಿಡಿ ಇದ್ದಲ್ಲೇ ಕೂತಿತ್ತು. ಬಗ್ಗಿ ನೋಡಿದರೆ ಕೇಬಲ್ಲಿನ ಬಾಯಲ್ಲಿ, ಲಿವರಿನ ಸಂದಿಯಲ್ಲಿ, ಎಲ್ಲ ಕಡೆ ಬೆಳ್ಳಗೆ ಮೇಣದಂತೆ ಗಟ್ಟಿಯಾದ ಎಣ್ಣೆ. ಮೈಸೂರಿನ ಡಿಸೆಂಬರ್ ಚಳಿಗೇ ಗಡ್ಡೆ ಕಟ್ಟುವ ಎಣ್ಣೆ ಅದು. ಇಲ್ಲಿ ಇನ್ನೇನಾಗುತ್ತದೆ?

ಒಳಗೆ ಓಡಿ ಕೆಟಲಿನಲ್ಲಿ ಬಿಸಿನೀರು ತಂದು ಸುರಿದೆ. ಸ್ವಲ್ಪ ಸಡಿಲವಾದ ಹಾಗಾಯಿತು. ಎರಡು ನಿಮಿಷ ಕಳೆಯುವುದರೊಳಗೆ ಎಣ್ಣೆಯ ಮೇಲೆ ಮಂಜುಗಡ್ಡೆಯೂ ಕಟ್ಟಿತು. ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ಚಕ್ರದ ಲಿವರ್ ಒತ್ತಿದೆ. ಕಟಕ್ ಎಂದು ಕೆಳಗೆ ಹೋಯಿತು, ಮಿಷನ್ ಹೊರಟಿತು. ಖುಷಿಯಿಂದ ಲಿವರ್ ಬಿಟ್ಟರೆ ಅದು ವಾಪಸ್ ಬರಲೇ ಇಲ್ಲ. ಮಿಷನ್ ನಿಲ್ಲಲಿಲ್ಲ. ಹಿಡಿಗೆ ಜೋತುಬಿದ್ದಿದ್ದ ನನ್ನನ್ನೂ ಎಳೆದುಕೊಂಡು ಇಳಿಜಾರಿನಲ್ಲಿ ಹೊರಟೇಬಿಟ್ಟಿತು. ಕಾಲು ಜಾರಿ ಮಂಡಿಯೂರಿ ಬಿದ್ದೆ. ಹೇಗೋ ಎದ್ದು ಕೀ ಕಿತ್ತುಕೊಂಡೆ. ಡ್ರೈವ್‌ವೇಯ ನಟ್ಟನಡುವೆ, ದಾರಿಗೆ ಅಡ್ಡವಾಗಿ ಅದು ನಿಂತಿತು. ಬ್ಲೇಡಿನ ಲಿವರ್ ಒತ್ತಲು ಆಗಿರಲಿಲ್ಲ ಎಂಬುದೇ ನನ್ನ ಪುಣ್ಯ.

ಗಂಟೆ ಎಂಟೂ ಐವತ್ತು. ಎದುರಿಗೆ ನಸ್ರೀನ್ ತಮ್ಮ ಮನೆಯ ಮುಂದೆ ಅರ್ಧ ಮುಗಿಸಿದ್ದರು. ನಲವತ್ತು ಹೆಜ್ಜೆ ದೂರ, ಅಷ್ಟೇ. ಒಂದು ಸಲ ಕೂಗಿದ್ದರೆ ಸಾಕಿತ್ತು. ಅವರ ಇಂಜಿನ್ ಸದ್ದಿನಲ್ಲಿ ನಾನು ಬಿದ್ದದ್ದು ಗೊತ್ತಾಗಿರಲಿಲ್ಲ. ತಲೆಯೆತ್ತಿ ನನ್ನ ಕಡೆ ನೋಡಿ, ಹೆಬ್ಬೆರಳು ತೋರಿಸಿ, ಎಲ್ಲ ಸರಿಯಾ ಎನ್ನುವ ಹಾಗೆ ನಕ್ಕರು. ನಾನೂ ಹೆಬ್ಬೆರಳು ತೋರಿಸಿದೆ. ಸಲಿಕೆ ತಂದು ಎತ್ತಿಹಾಕಲು ಶುರು ಮಾಡಿದೆ.

ಒದ್ದೆ ಹಿಮ ರಾತ್ರಿಯಿಡೀ ಕಲ್ಲಾಗಿತ್ತು. ಹತ್ತು ಸಲ ಎತ್ತುವಷ್ಟರಲ್ಲಿ ಸೊಂಟ ಹೋಯಿತು. ಆಂಟಿ ಬಾಗಿಲು ತೆರೆದು ಇಣುಕಿದರು. "ಸವಿತಾ, ಏನಾಯ್ತೇ? ನಸ್ರೀನ್‌ನ ಕರೀಲಾ?"

"ಬೇಡ ಆಂಟಿ, ಐದೇ ನಿಮಿಷ," ಅಂದೆ.

ಅದು ಐದು ನಿಮಿಷದ ಕೆಲಸವಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಂಟಿ ಬಾಗಿಲು ಮುಚ್ಚಿಕೊಂಡರು. ಮತ್ತೆ ಹತ್ತು ನಿಮಿಷ ಕೆತ್ತಿದೆ. ಮತ್ತೆ ಬಾಗಿಲು ತೆರೆಯಿತು. ಈ ಸಲ ಅವರು ಹೊಸ್ತಿಲಲ್ಲೇ ನಿಂತು ಡ್ರೈವ್‌ವೇ ಉದ್ದಕ್ಕೂ ನೋಡಿದರು. ನನಗೇ ತಡೆಯಲಾಗದೆ, "ಇನ್ನೈದು ನಿಮಿಷ," ಅಂದೆ.

ಹಾಗೆನ್ನುವಾಗ ಅವರ ಹಿಂದೆ ಅಂಕಲ್ ಕಂಡರು. ಕೋಟು, ಕುಲಾವಿ ಹಾಕಿಕೊಂಡು ಹೊರಡಲು ತಯಾರಾಗಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಶೂ ಹಾಕಿರಲಿಲ್ಲ. ಪಾದ ಅಷ್ಟು ಊದಿಕೊಂಡಿತ್ತು. ಎರಡೆರಡು ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿದ್ದರು. ಬಾಯಿ ತೆರೆದು ಉಸಿರಾಡುತ್ತಿದ್ದರು. ನನ್ನನ್ನು ನೋಡಿ, "ನಿಧಾನ ಕಣಮ್ಮಾ, ಸೊಂಟ ಹಿಡ್ಕೊಳತ್ತೆ," ಅಂದರು. ಅಷ್ಟನ್ನು ಹೇಳುವುದಕ್ಕೇ ಎರಡು ಸಲ ನಿಲ್ಲಿಸಿದರು.

ಸಲಿಕೆ ಬಿಸಾಕಿ ನಸ್ರೀನ್ ಹತ್ತಿರ ಓಡಿದೆ. "ನನ್ ಕೈಲಿ ಆಗ್ಲಿಲ್ಲ ನಸ್ರೀನ್. ಅಂಕಲ್... ಬೇಗ ಬನ್ನಿ," ಅಂದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ತಮ್ಮ ಮಿಷನ್ ತಳ್ಳಿಕೊಂಡು ಬಂದರು. ನನ್ನ ಮಿಷನ್ನನ್ನು ಇಬ್ಬರೂ ಸೇರಿ ಪಕ್ಕಕ್ಕೆ ಎಳೆದುಹಾಕಿದೆವು. ಅವರು ಕೊಳವೆಯನ್ನು ಹೂವಿನ ಹಾಗೆ ತಿರುಗಿಸುತ್ತ ಮೇಲಿನಿಂದ ಕೆಳಗೆ ಬಂದರು, ನೆಲ ಹೆಪ್ಪುಗಟ್ಟಿ ಜಾರದಿರಲೆಂದು ನಾನು ಹಿಂದೆ ಉಪ್ಪು ಎರಚುತ್ತ ಬಂದೆ. ವ್ಯಾನ್ ಬಂದಾಗ ಇನ್ನೂ ಕೊನೆಯ ತುಂಡು ಬಾಕಿ ಇತ್ತು. ಡ್ರೈವರ್ ಗಡಿಯಾರ ನೋಡಿಕೊಳ್ಳುತ್ತ ನಿಂತ. ನಸ್ರೀನ್ ಅವನಿಗೆ ಕೈಯೆತ್ತಿ ತೋರಿಸಿ ಮೂರು ನಿಮಿಷದಲ್ಲಿ ದಾರಿ ಬಿಡಿಸಿದರು. ಅಂಕಲ್ ಹೋದರು, ಜೊತೆಗೆ ಆಂಟಿಯೂ ಹೋದರು.

ಆಮೇಲೆ ನಸ್ರೀನ್ ನನ್ನ ಮಿಷನ್ ಹತ್ತಿರ ಬಗ್ಗಿ, ಲಿವರ್ ಮುಟ್ಟಿ, ಬೆರಳು ಮೂಸಿ ನೋಡಿದರು. "ಸವಿತಾ, ಇದು ತೆಂಗಿನೆಣ್ಣೆನಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ನಮ್ಮಮ್ಮಾನೂ ಎಲ್ಲಾದಕ್ಕೂ ಇದನ್ನೇ ಹಾಕೋರು," ಎಂದು ಹೇಳಿ, ಹೇರ್ ಡ್ರೈಯರ್ ತಂದು ಅರ್ಧ ಗಂಟೆ ಕೂತು ಎಣ್ಣೆ ಕರಗಿಸಿ, ಒರೆಸಿ, ಸ್ಪ್ರೇ ಹೊಡೆದು ಕೊಟ್ಟರು. ಕೆಲಸ ಮುಗಿದ ಮೇಲೆ ಮೆತ್ತಿದ ಹಿಮವನ್ನು ಬ್ರಶ್ಶಿನಿಂದ ಉದುರಿಸಬೇಕು, ಇಂಜಿನ್ ಆರಿಸುವ ಮುಂಚೆ ನಾಲ್ಕೈದು ನಿಮಿಷ ಎಲ್ಲ ಲಿವರ್‌ಗಳನ್ನೂ ಆಡಿಸಬೇಕು, ಆಗ ನೀರು ಒಳಗೆ ನಿಂತು ಹೆಪ್ಪುಗಟ್ಟುವುದಿಲ್ಲ ಎಂದು ತೋರಿಸಿಕೊಟ್ಟರು. ನಾನು ಜಂಬ ಎಂದುಕೊಂಡದ್ದು ಅದನ್ನೇ.

ಮಧ್ಯಾಹ್ನ ಡಯಾಲಿಸಿಸ್ ಮುಗಿದು ಆಂಟಿ ಅಂಕಲ್ ಜೊತೆ ವಾಪಸಾದಾಗ ನಾವಿಬ್ಬರೂ ಹೊರಗೇ ಇದ್ದೆವು. ಅವರು ನಸ್ರೀನ್ ಕೈ ಹಿಡಿದುಕೊಂಡು, "ನೀನಿಲ್ದಿದ್ರೆ ಏನ್ ಗತಿ ಆಗ್ತಿತ್ತು," ಅಂದರು. ನಸ್ರೀನ್ ತಕ್ಷಣ, "ಇಲ್ಲ ಆಂಟಿ, ಮುಕ್ಕಾಲು ಭಾಗ ಸವಿತಾನೇ ಮುಗಿಸಿದ್ರು, ನಾನು ಲಾಸ್ಟಲ್ಲಿ ಬಂದೆ," ಅಂದುಬಿಟ್ಟರು. ನಾನು ಮಾಡಿದ್ದು ಎರಡು ಗಜವೂ ಇರಲಿಲ್ಲ. ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಆಂಟಿ ನನ್ನ ಕೆನ್ನೆ ಸವರಿದರು, ಸವರಿಸಿಕೊಂಡೆ. ಒಳಗೆ ಬಂದ ಮೇಲೆ ನನಗೆ ಬಂದದ್ದು ಕೃತಜ್ಞತೆಯಲ್ಲ, ಮತ್ತದೇ ಹೊಟ್ಟೆಕಿಚ್ಚು. ಒಳ್ಳೆಯತನದಲ್ಲೂ ಇವಳೇ ಮುಂದೆ ಹೋದಳಲ್ಲ ಎಂದು.

ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಗುರುವಾರ ಅಂಕಲ್ ಮತ್ತೆ ಡಯಾಲಿಸಿಸ್‌ಗೆ ಹೋಗಿದ್ದಾಗ ಆಂಟಿಯ ಹತ್ತಿರ ಹೋಗಿ ಕೂತೆ. ಸ್ಪ್ರೇ ಹಾಕಿದ್ದೇನೆ ಎಂದ ಸುಳ್ಳಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಳು ಬಂತು. "ನಸ್ರೀನ್ ಕಂಡ್ರೆ ನಂಗೆ ಹೊಟ್ಟೆ ಉರಿ ಆಂಟಿ, ಅದಕ್ಕೇ ಕರೀಲಿಲ್ಲ," ಎಂದೂ ಹೇಳಿದೆ.

ಆಂಟಿ ಅವರೆಕಾಳು ಹಿಚುಕುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಗೊತ್ತು ಕಣೇ," ಅಂದರು. "ಎರಡ್ನೇ ಸಲ ಬಾಗಿಲು ತೆಗೆದಾಗ್ಲೇ ನನ್ ಕೈಲಿ ಫೋನಿತ್ತು. ನಸ್ರೀನ್ ನಂಬರ್ ಒತ್ತಿದ್ದೆ. ನೀನು ಇನ್ನೈದು ನಿಮಿಷ ಅಂದ್ಯಲ್ಲ, ಕಟ್ ಮಾಡ್ದೆ. ನಿಂಗೆ ಬೇಜಾರಾಗತ್ತೆ ಅಂತ."

ಅವರೆಕಾಳಿನ ಬುಟ್ಟಿ ಹತ್ತಿರ ಎಳೆದುಕೊಂಡು ನಾನೂ ಹಿಚುಕುತ್ತ ಕೂತೆ.

ನಸ್ರೀನ್ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಈಗ ನಾವಿಬ್ಬರೂ ಒಟ್ಟಿಗೆ ಹಿಮ ತೆಗೆಯುತ್ತೇವೆ, ತಿಳಿಯದ್ದನ್ನು ನಾಚಿಕೆ ಬಿಟ್ಟು ಕೇಳುತ್ತೇನೆ. ಆದರೂ ಆಂಟಿ ಅವರನ್ನು ಹೊಗಳಿದರೆ ಒಳಗೆ ಏನೋ ಚುರುಕ್ ಎನ್ನುತ್ತದೆ. ಆಗೆಲ್ಲ ನನಗೆ ಫೋನ್ ಹಿಡಿದು ಬಾಗಿಲಲ್ಲಿ ನಿಂತ ಆಂಟಿ ನೆನಪಾಗುತ್ತಾರೆ. ಗಂಡ ಪಕ್ಕದಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗಲೂ ಅವರು ನನ್ನ ಮನಸ್ಸು ನೋಯಬಾರದೆಂದು ಕಾದರು. ಅವರಿಗೆ ನಾನೆಂದರೆ ಅಷ್ಟಕ್ಕಷ್ಟೇ ಎಂದು ನಾನು ಎರಡು ವರ್ಷ ಅಂದುಕೊಂಡಿದ್ದೆ.